ಹಳೆಯ ಡಿಶ್‌ವಾಶರಿಗೆ ಅದರ ಕಾಲದ ನೀರು

ಅಮೆರಿಕದಲ್ಲಿ ಹಳೆಯ ಮನೆ ಕೊಂಡವರಿಗೆ ಒಮ್ಮೊಮ್ಮೆ ಅಡುಗೆಮನೆಯಲ್ಲಿ ಕೇಳದ ಬಳುವಳಿಯೊಂದು ಸಿಗುತ್ತದೆ. ಸಿಂಕಿನ ಪಕ್ಕ, ಕೌಂಟರಿನ ಕೆಳಗೆ, 24 ಇಂಚಿನ ಜಾಗದಲ್ಲಿ ಕೂತಿರುವ 1960 ಅಥವಾ 70ರ ದಶಕದ ಡಿಶ್‌ವಾಶರ್. ಬಾಗಿಲಿಗೆ ಕ್ರೋಮ್ ಪಟ್ಟಿ, ಕೈಯಿಂದ ತಿರುಗಿಸುವ ಟೈಮರ್, ಒಳಗೆ ಎನಾಮಲ್ ಲೇಪಿಸಿದ ಉಕ್ಕಿನ ತೊಟ್ಟಿ. ಹೆಚ್ಚಿನವರು ಅದನ್ನು ಕಿತ್ತು ಗುಜರಿಗೆ ಕಳಿಸುತ್ತಾರೆ. ಉಳಿಸಿಕೊಳ್ಳುವ ಮನಸ್ಸು ಮಾಡುವ ಕೆಲವರು ಮೋಟಾರು, ಸೀಲು, ತುಕ್ಕು ಎಂದು ವಾರಗಟ್ಟಲೆ ಹೆಣಗಿ ಓಡಿಸಿ ನೋಡಿದಾಗ ಲೋಟಗಳ ಮೇಲೆ ಬಿಳಿ ಪೊರೆ ಕೂತಿರುತ್ತದೆ, ತಟ್ಟೆಯಲ್ಲಿ ಜಿಡ್ಡು ಹಾಗೇ ಇರುತ್ತದೆ. ಆ ಕಾಲದ ಯಂತ್ರ, ಇಷ್ಟೇ ಇದರ ಯೋಗ್ಯತೆ ಎಂದು ತೀರ್ಮಾನಿಸಿಬಿಡುತ್ತಾರೆ.

ಆ ತೀರ್ಮಾನ ಸರಿಯಲ್ಲ. ಈ ಯಂತ್ರವನ್ನು ರೂಪಿಸಿದವರು ಮೂರು ಸಂಗತಿಗಳನ್ನು ನಂಬಿಕೊಂಡಿದ್ದರು: ನಲ್ಲಿಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಸುಡುನೀರು ಬರುತ್ತದೆ, ಸೋಪಿನ ಪುಡಿಯಲ್ಲಿ ಬೇಕಾದಷ್ಟು ಫಾಸ್ಫೇಟ್ ಇರುತ್ತದೆ, ಒಂದು ಸುತ್ತಿಗೆ 40–50 ಲೀಟರ್ ನೀರು ಖರ್ಚಾದರೆ ಯಾರೂ ಕೇಳುವುದಿಲ್ಲ. ಮೊದಲ ಎರಡು ಈಗಿನ ಮನೆಗಳಲ್ಲಿ ತಾವಾಗಿ ಸಿಗುವುದಿಲ್ಲ. ಮೂರನೆಯದರ ಬಗ್ಗೆ ಕಾನೂನೇ ಬಂದಿದೆ: 2013ರಿಂದ ಅಮೆರಿಕದಲ್ಲಿ ತಯಾರಾಗುವ ಸಾಮಾನ್ಯ ಅಳತೆಯ ಡಿಶ್‌ವಾಶರ್ ಒಂದು ಸುತ್ತಿಗೆ 5 ಗ್ಯಾಲನ್, ಅಂದರೆ 19 ಲೀಟರಿಗಿಂತ ಹೆಚ್ಚು ನೀರು ಬಳಸುವಂತಿಲ್ಲ. ಹಳೆಯ ಯಂತ್ರಕ್ಕೆ ಈ ನಿಯಮ ತಗಲುವುದಿಲ್ಲ, ನಿಜ. ಆದರೆ ಅದನ್ನು ದುರಸ್ತಿ ಮಾಡುವುದೆಂದರೆ ಲೋಹ ರಬ್ಬರುಗಳ ಜೊತೆ ಅದು ನಂಬಿಕೊಂಡಿದ್ದ ನೀರನ್ನೂ ಸೋಪನ್ನೂ ಮತ್ತೆ ಹೊಂದಿಸಿಕೊಡುವುದು.

ಮೊದಲು ಗುರುತು ಹಿಡಿಯುವ ಮಾತು. ಬಣ್ಣ ನೋಡಿ ಇಸವಿ ಹೇಳುವವರನ್ನು ಪೂರ್ತಿ ನಂಬಬೇಡಿ. ತಾಮ್ರದ ಕಂದು, ಬೆಣ್ಣೆಹಣ್ಣಿನ ಹಸಿರು, ಗೋಧಿ ಹಳದಿ ಇವೆಲ್ಲ 60–70ರ ದಶಕದ ಬಣ್ಣಗಳು, ಬಾದಾಮಿ ಬಣ್ಣ ಸ್ವಲ್ಪ ಈಚಿನದು. ಆದರೆ ಬಾಗಿಲ ಮುಂದಿನ ತಗಡು ಚೌಕಟ್ಟಿನಲ್ಲಿ ಜಾರಿಸಿ ಕೂರಿಸಿದ್ದು. ಎರಡು ಮಗ್ಗುಲಿಗೆ ಎರಡು ಬಣ್ಣ ಬಳಿದ ತಗಡನ್ನು ಯಂತ್ರದ ಜೊತೆಗೇ ಕೊಡುತ್ತಿದ್ದರು. ಮನೆಯವರು ಫ್ರಿಜ್ಜಿಗೆ ಹೊಂದುವಂತೆ ಆಮೇಲೆ ಯಾವಾಗಲಾದರೂ ತಿರುಗಿಸಿ ಹಾಕಿರಬಹುದು. ನಂಬಬೇಕಾದದ್ದು ಮಾದರಿ ಫಲಕವನ್ನು. ಬಾಗಿಲು ತೆರೆದು ತೊಟ್ಟಿಯ ಅಂಚಿನ ಎಡಬಲ, ಬಾಗಿಲ ಪಕ್ಕದ ದಪ್ಪ ಭಾಗ, ಕೆಳಗಿನ ಕಾಲ್ತಗಡಿನ ಹಿಂದೆ ಹುಡುಕಿ. ಆ ಕಾಲ್ತಗಡನ್ನು ಬಿಚ್ಚಿದಾಗ ಮಡಚಿ ಸಿಕ್ಕಿಸಿದ ಹಳದಿಗಟ್ಟಿದ ಕಾಗದ ಸಿಕ್ಕರೆ ಅದೃಷ್ಟ. ಅದು ಮೆಕ್ಯಾನಿಕ್‌ಗಳಿಗೆಂದು ಇಟ್ಟ ಹಾಳೆ. ವೈರಿಂಗ್ ನಕ್ಷೆ, ಟೈಮರಿನ ಯಾವ ಹೆಜ್ಜೆಯಲ್ಲಿ ಯಾವ ಸ್ವಿಚ್ ಕೂಡುತ್ತದೆ ಎಂಬ ಪಟ್ಟಿ, ಎಷ್ಟು ನೀರು ತುಂಬಬೇಕು ಎಂಬ ಲೆಕ್ಕ ಅದರಲ್ಲಿರುತ್ತವೆ. ಮೊದಲು ಅದರ ಫೋಟೋ ತೆಗೆಯಿರಿ, ಆಮೇಲೆ ಬಿಡಿಸಿ. ಮಡಿಕೆಯಲ್ಲೇ ಹರಿದುಹೋಗುವ ಕಾಗದ ಅದು.

ಜನರಲ್ ಎಲೆಕ್ಟ್ರಿಕ್ ಅಂದರೆ ಜಿಇ ಯಂತ್ರವಾದರೆ ಕ್ರಮಸಂಖ್ಯೆಯ ಮೊದಲ ಎರಡು ಅಕ್ಷರಗಳಲ್ಲಿ ತಿಂಗಳೂ ವರ್ಷವೂ ಅಡಗಿವೆ. ಬಳಸುವುದು ಹನ್ನೆರಡೇ ಅಕ್ಷರ, ಈ ಸರದಿಯಲ್ಲಿ: ಎ, ಡಿ, ಎಫ್, ಜಿ, ಎಚ್, ಎಲ್, ಎಂ, ಆರ್, ಎಸ್, ಟಿ, ವಿ, ಝಡ್. ಮೊದಲ ಅಕ್ಷರ ತಿಂಗಳಿಗೆ; ಎ ಅಂದರೆ ಜನವರಿ, ಝಡ್ ಅಂದರೆ ಡಿಸೆಂಬರ್. ಎರಡನೆಯದು ವರ್ಷಕ್ಕೆ, ಎ ಅಂದರೆ 1977, ಡಿ 1978, ಹೀಗೆ ಸಾಗಿ 1988ರಲ್ಲಿ ಝಡ್ ಮುಗಿದು 1989ಕ್ಕೆ ಮತ್ತೆ ಎ. ಹನ್ನೆರಡು ವರ್ಷಕ್ಕೊಮ್ಮೆ ಸುತ್ತು ಮರಳುವುದರಿಂದ 'ಎಚ್ ಆರ್' ಎಂದಿದ್ದರೆ ಮೇ 1984 ಇರಬಹುದು, ಮೇ 1996 ಕೂಡ ಇರಬಹುದು. ಟೈಮರ್ ಯಾಂತ್ರಿಕದ್ದೋ ಗುಂಡಿಗಳ ಎಲೆಕ್ಟ್ರಾನಿಕ್ಸೋ, ತೊಟ್ಟಿ ಎನಾಮಲ್ಲೋ ಪ್ಲಾಸ್ಟಿಕ್ಕೋ ಎಂದು ನೋಡಿ ಬಿಡಿಸಿಕೊಳ್ಳಬೇಕು.

ಆದರೆ ದುರಸ್ತಿಯ ಹುಚ್ಚಿನವರು ಹೆಚ್ಚಾಗಿ ಹುಡುಕುವುದು ಹೋಬಾರ್ಟ್ ಕಂಪನಿ ಕಟ್ಟಿದ ಕಿಚನ್‌ಏಡ್. ಇದರ ವಂಶ ದೊಡ್ಡದು. ಇಲಿನಾಯ್ ರಾಜ್ಯದ ಶೆಲ್ಬಿವಿಲ್‌ನ ಜೋಸೆಫೀನ್ ಕಾಕ್ರನ್ 1886ರ ಡಿಸೆಂಬರ್ 28ರಂದು ಪೇಟೆಂಟ್ ಪಡೆದ ಯಂತ್ರವೇ ಮೂಲ. ಅವರಿಗಿಂತ ಮೊದಲೂ ಕೈಯಿಂದ ತಿರುಗಿಸುವ ಮರದ ಯಂತ್ರಗಳಿದ್ದವು. ಪಾತ್ರೆಯನ್ನು ತಂತಿಯ ಗೂಡುಗಳಲ್ಲಿ ಅಲುಗದಂತೆ ಇಟ್ಟು, ಉಜ್ಜದೆ, ಸೋಪುನೀರಿನ ಒತ್ತಡದಿಂದಲೇ ತೊಳೆಯುವುದು ಕಾಕ್ರನ್ ವಿನ್ಯಾಸದ ಸಾರ. 1893ರ ಷಿಕಾಗೋ ವಿಶ್ವಮೇಳದಲ್ಲಿ ಅವರ ಯಂತ್ರಗಳು ಕೆಲಸ ಮಾಡಿದವು. ಕೊಂಡವರು ಹೋಟೆಲುಗಳು, ಆಸ್ಪತ್ರೆಗಳು. ಮನೆಗಳಲ್ಲಿ ಅಷ್ಟು ಸುಡುನೀರೇ ಇರಲಿಲ್ಲ. ಅವರು 1913ರಲ್ಲಿ ತೀರಿಕೊಂಡರು. 1926ರಲ್ಲಿ ಓಹಾಯೋದ ಟ್ರಾಯ್ ಊರಿನ ಹೋಬಾರ್ಟ್ ಆ ಕಂಪನಿಯನ್ನು ಕೊಂಡಿತು, 1949ರಲ್ಲಿ ಕಿಚನ್‌ಏಡ್ ಹೆಸರಿನ ಮನೆಬಳಕೆಯ ಡಿಶ್‌ವಾಶರ್ ಬಂತು. 1986ರಲ್ಲಿ ಕಿಚನ್‌ಏಡ್ ವರ್ಲ್‌ಪೂಲ್ ಪಾಲಾಯಿತು. ಹೋಬಾರ್ಟ್ ವಿನ್ಯಾಸ ಆಮೇಲೂ ಕೆಲವು ಕಾಲ ಉಳಿಯಿತು.

ಇವುಗಳ ಮಾದರಿ ಸಂಖ್ಯೆ ಕೆ-ಡಿ ಎಂದು ಶುರುವಾಗುತ್ತದೆ. ಮೂರನೆಯ ಅಕ್ಷರ ದರ್ಜೆಗೆ: ಎಸ್ ಎಂದರೆ ಸುಪರ್ಬಾ, ಐ ಎಂದರೆ ಇಂಪೀರಿಯಲ್, ಸಿ ಎಂದರೆ ಕಸ್ಟಮ್. ಅದರ ಮುಂದಿನ ಅಂಕಿ ತಲೆಮಾರು. ಅಂಕಿ ದೊಡ್ಡದಾದಷ್ಟೂ ಯಂತ್ರ ಈಚಿನದು. ದರ್ಜೆಗಳ ನಡುವಿನ ವ್ಯತ್ಯಾಸ ಬಹುಪಾಲು ಗುಂಡಿಗಳಲ್ಲಿ, ಗೂಡುಗಳಲ್ಲಿ, ಅಲಂಕಾರದಲ್ಲಿ. ಆದ್ದರಿಂದ ಬಿಡಿಭಾಗಕ್ಕೆಂದು ಇನ್ನೊಂದು ಹಳೆಯ ಯಂತ್ರ ಹುಡುಕುವಾಗ ದರ್ಜೆಗಿಂತ ತಲೆಮಾರಿನ ಅಂಕಿ ಹೊಂದುವುದು ಮುಖ್ಯ.

ತೆಗೆದುಕೊಳ್ಳುವ ಮೊದಲು ಮುಗಿಸಬೇಕಾದ ತಪಾಸಣೆ ಒಂದೇ, ಅದು ತೊಟ್ಟಿಯದು. ಟಾರ್ಚ್ ಹಿಡಿದು ನಾಲ್ಕು ಮೂಲೆ, ಬಾಗಿಲ ಕೀಲಿನ ಕೆಳಭಾಗ, ಹೀಟರ್ ತೂರಿಬರುವ ತೂತುಗಳು, ಪಂಪ್ ಕೂರುವ ಅಂಚು ಇಷ್ಟನ್ನು ನೋಡಿ. ಎನಾಮಲ್ ಎಗರಿ ಉಕ್ಕು ಕಂಡರೆ ದುರಸ್ತಿ ಸಾಧ್ಯ. ಉಗುರಿನಿಂದ ಒತ್ತಿದಾಗ ತುಕ್ಕು ಪದರವಾಗಿ ಕಳಚಿ ಬಂದರೆ, ತಗಡು ಹಿಂದಕ್ಕೆ ಸರಿದರೆ, ಬಿಟ್ಟುಬಿಡಿ. ಮೋಟಾರು, ಟೈಮರು, ವಾಲ್ವ್ ಎಲ್ಲಕ್ಕೂ ಬದಲಿ ಉಂಟು. ತೂತುಬಿದ್ದ ತೊಟ್ಟಿಗೆ ಇಲ್ಲ.

ಹೊರಗೆಳೆಯುವುದು ಸುಲಭದ ಕೆಲಸವೆಂದು ತೋರುತ್ತದೆ. ಬ್ರೇಕರ್ ಇಳಿಸಿ, ಮುಂದಿನ ವೈರ್ ಡಬ್ಬಿಯಲ್ಲಿ ಕರೆಂಟ್ ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಳ್ಳಿ. ಸಿಂಕಿನ ಕೆಳಗಿನ ಬಿಸಿನೀರಿನ ವಾಲ್ವ್ ಮುಚ್ಚಿ. ಕೌಂಟರಿಗೆ ಹಿಡಿದ ಎರಡು ಸ್ಕ್ರೂ ಬಿಚ್ಚಿ, ಮುಂದಿನ ಕಾಲುಗಳನ್ನು ಒಳಕ್ಕೆ ತಿರುಗಿಸಿ ಯಂತ್ರವನ್ನು ತಗ್ಗಿಸಿ ಎಳೆಯಬೇಕು. ಎಡವಟ್ಟಾಗುವುದು ಇಲ್ಲಿ: ಯಂತ್ರ ಕೂರಿಸಿದ ಮೇಲೆ ಯಾರೋ ನೆಲಕ್ಕೆ ಹೊಸ ಟೈಲ್ಸ್ ಹಾಕಿರುತ್ತಾರೆ. ಯಂತ್ರ ಹಳೆಯ ನೆಲದ ಮೇಲೆ ಮುಕ್ಕಾಲು ಇಂಚು ತಗ್ಗಿನಲ್ಲಿ, ಮುಂದೆ ಟೈಲ್ಸಿನ ಹೊಸ್ತಿಲು. ಕಾಲುಗಳನ್ನು ಪೂರ್ತಿ ಒಳಗೆ ತಿರುಗಿಸಿ ನೋಡಿ. ಆಗಲೂ ಬಾರದಿದ್ದರೆ ಕಾಲು ಬಿಚ್ಚಿಯೇ ತೆಗೆಯಬೇಕು. ಅದೂ ಸಾಲದಿದ್ದರೆ ಕೌಂಟರ್ ಎತ್ತಬೇಕು, ಅಥವಾ ಮುಂದಿನ ಒಂದು ಸಾಲು ಟೈಲ್ಸ್ ಕೀಳಬೇಕು. ಕೌಂಟರಿನಿಂದ ಬಿಡಿಸಿದ ಯಂತ್ರದ ಬಾಗಿಲನ್ನು ಪೂರ್ತಿ ತೆರೆಯಬೇಡಿ, ಬಾಗಿಲ ಭಾರಕ್ಕೆ ಅದು ಮುಂದಕ್ಕೆ ಮಗುಚುತ್ತದೆ. ಬೆನ್ನ ಮೇಲೆ ಮಲಗಿಸುವ ಮುಂಚೆ ಕೆಳಗೆ ಹಳೆಯ ಕಂಬಳಿ ಹಾಸಿ. ಪಂಪಿನ ಹೊಟ್ಟೆಯಲ್ಲಿ ಉಳಿದ ನೀರು ಹೇಗೂ ಹೊರಬರುತ್ತದೆ.

ಸದ್ದು ತಡೆಯಲು ಸುತ್ತಿದ ಹೊದಿಕೆ, ಹೀಟರಿನ ಬಳಿಯ ನೂಲಿನಂಥ ವೈರ್ ಕವಚ, ಕೆಲವು ಗ್ಯಾಸ್ಕೆಟ್‌ಗಳು 1980ಕ್ಕಿಂತ ಹಿಂದಿನ ಯಂತ್ರದಲ್ಲಿ ಆಸ್ಬೆಸ್ಟಾಸ್‌ನವಾಗಿರಬಹುದು; ಅದರ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶ ಕೆಡುತ್ತದೆ. ನಾರುನಾರಾಗಿ, ಬೂದುಬಿಳಿಯಾಗಿ ಕಂಡದ್ದನ್ನು ಉಜ್ಜಬೇಡಿ, ಗಾಳಿ ಊದಬೇಡಿ. ನೀರು ಚಿಮುಕಿಸಿ ತೇವ ಮಾಡಿ, ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ಬರುವವರೆಗೆ ಮುಟ್ಟದೆ ಇರಿ. ಲೋಹದ ಡಬ್ಬಿಯ, ಎಣ್ಣೆ ತುಂಬಿದ ಕೆಪಾಸಿಟರ್ ಸೋರುತ್ತಿದ್ದರೆ ಕೈಗವಸು ಹಾಕಿಯೇ ತೆಗೆಯಿರಿ. ಆ ಎಣ್ಣೆಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕದ ತಯಾರಿಕೆ ಅಮೆರಿಕದಲ್ಲಿ ನಿಷೇಧವಾದದ್ದು 1979ರಲ್ಲಿ.

ವಿದ್ಯುತ್ತಿನ ಪರೀಕ್ಷೆಯನ್ನು ಪ್ಲಗ್ ಹಾಕುವ ಮುಂಚೆಯೇ ಮುಗಿಸಬೇಕು. ಬೇಕಾದದ್ದು ಒಂದು ಮಲ್ಟಿಮೀಟರ್, ಸಾಧ್ಯವಾದರೆ 500 ವೋಲ್ಟಿನ ಮೆಗ್ಗರ್, ಅಂದರೆ ಕರೆಂಟ್ ಸೋರಿಕೆಯನ್ನು ಹಿಡಿಯುವ ಮೀಟರ್. ನೀರು ಬಿಡುವ ವಾಲ್ವಿನ ಸುರುಳಿ ಸಾಮಾನ್ಯವಾಗಿ 500ರಿಂದ 1500 ಓಮ್ ತೋರಿಸುತ್ತದೆ. ಟೈಮರಿನ ಪುಟ್ಟ ಮೋಟಾರು 2000ದಿಂದ 3000 ಓಮ್ ಆಸುಪಾಸು. ಪಂಪ್ ಮೋಟಾರಿನ ಸುರುಳಿಗಳು ಕೆಲವೇ ಓಮ್. ಹೀಟರಿನ ಲೆಕ್ಕ ಸುಲಭ: ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ. 120 ವೋಲ್ಟಿನ 800 ವ್ಯಾಟ್ ಹೀಟರ್ 18 ಓಮ್ ತೋರಿಸಬೇಕು. ಆಮೇಲೆ ಪ್ರತಿಯೊಂದನ್ನೂ ಯಂತ್ರದ ಮೈಗೆ, ಅಂದರೆ ಅರ್ಥಿಂಗಿಗೆ, ಅಳೆಯಿರಿ. ಮೆಗ್ಗರಿನಲ್ಲಿ ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಸೋರಿಕೆ ಉಂಟೆಂದು ಅರ್ಥ.

ಹೀಟರಿನ ಸೋರಿಕೆಗೆ ಒಂದು ವಿಶೇಷವಿದೆ, ಇದನ್ನು ತಿಳಿಯದೆ ಎಷ್ಟೋ ಜನ ಒಳ್ಳೆಯ ಹೀಟರ್ ಎಸೆಯುತ್ತಾರೆ. ಕಡ್ಡಿಯ ಒಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ವರ್ಷಗಟ್ಟಲೆ ಬಳಸದೆ ಬಿಟ್ಟರೆ ತುದಿಗಳಿಂದ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆಗ ಮೆಗ್ಗರ್ ಕಡಿಮೆ ತೋರಿಸುತ್ತದೆ. ಕಡ್ಡಿಯನ್ನು ಬಿಚ್ಚಿ, ರಬ್ಬರ್ ವಾಷರುಗಳನ್ನು ಕಳಚಿ, ಓವನ್ನಿನಲ್ಲಿ 110–120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಅಳೆಯಿರಿ. ಏರಿದರೆ ಹೀಟರ್ ಉಳಿಯಿತು. ಏರದಿದ್ದರೆ ಕಡ್ಡಿಯ ಹೊರಕವಚವೇ ಸೀಳಿದೆ. ಅಮೆರಿಕದ ವೈರಿಂಗ್ ನಿಯಮಾವಳಿ 2014ರ ಆವೃತ್ತಿಯಿಂದ ಮನೆಯ ಡಿಶ್‌ವಾಶರಿಗೆ ಜಿಎಫ್‌ಸಿಐ ರಕ್ಷಣೆ, ಅಂದರೆ ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್, ಕೇಳುತ್ತದೆ. ಅದು 4ರಿಂದ 6 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುತ್ತದೆ. ಹಳೆಯ ಯಂತ್ರ ಹಾಕಿದ ಕೂಡಲೇ ಅದು ಬೀಳುತ್ತಿದ್ದರೆ ರಕ್ಷಣೆಯನ್ನು ತಪ್ಪಿಸುವ ದಾರಿ ಹುಡುಕದೆ ಹೀಟರ್ ಒಣಗಿಸಿ. ಎರಡೇ ಪಿನ್ನಿನ ಪ್ಲಗ್ ಇರುವ, ಚಕ್ರದ ಮೇಲೆ ಉರುಳುವ ಹಳೆಯ ಮಾದರಿಗೆ ಮೂರು ಪಿನ್ನಿನ ವೈರ್ ಹಾಕಿ ಅರ್ಥಿಂಗನ್ನು ಮೈಗೆ ಬಿಗಿಯುವುದು ಕಡ್ಡಾಯವೆಂದೇ ತಿಳಿಯಿರಿ.

ಟೈಮರ್ ಅಂದರೆ ನಿಧಾನಕ್ಕೆ ತಿರುಗುವ ಏಣುಗಳ ಉರುಳೆ, ಅದರ ಮೇಲೆ ಸಾಲಾಗಿ ಸ್ಪ್ರಿಂಗ್ ಪಟ್ಟಿಗಳು. ಕರಕಲಾದ ಸ್ಪರ್ಶಬಿಂದುಗಳನ್ನು ಮರಳುಕಾಗದದಿಂದ ಉಜ್ಜಿದರೆ ಮೇಲಿನ ಬೆಳ್ಳಿಯ ಲೇಪ ಹೋಗಿ ಒಂದೆರಡು ತಿಂಗಳಲ್ಲಿ ಪೂರ್ತಿ ಸುಡುತ್ತದೆ. ಗಟ್ಟಿ ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಬಿಂದುಗಳ ನಡುವೆ ಎಳೆದರೆ ಸಾಕು. ಗಂಟೆಯಾದರೂ ಟೈಮರ್ ಒಂದೇ ಕಡೆ ನಿಂತಿದ್ದರೆ ಅದರ ಹಲ್ಲುಚಕ್ರಗಳಲ್ಲಿ ಗ್ರೀಸ್ ಹೆಪ್ಪುಗಟ್ಟಿರುತ್ತದೆ. ಟೈಮರಿನ ಗುಬ್ಬಿಯನ್ನು (ತಿರುಗಿಸುವ ಹಿಡಿ) ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ, ಹಿಂದಕ್ಕೆ ತಿರುಗಿಸಿದರೆ ಪಟ್ಟಿಗಳು ಬಾಗುತ್ತವೆ.

ಇನ್ನು ಪಂಪು. ದುರಸ್ತಿಯ ಅರ್ಧ ಸಮಯ ಇಲ್ಲೇ ಹೋಗುತ್ತದೆ.

ಬಹುಕಾಲ ನಿಂತ ಯಂತ್ರದ ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ ಸುಟ್ಟಿದೆ ಎಂದುಕೊಳ್ಳಬೇಡಿ. ಪಂಪಿನ ಸೀಲಿನ ಎರಡು ಮುಖಗಳು, ಒಂದು ಇಂಗಾಲ ಮತ್ತೊಂದು ಸೆರಾಮಿಕ್, ಒಣಗಿದ ಸೋಪು ಮತ್ತು ಸುಣ್ಣದಿಂದ ಅಂಟಿಕೊಂಡಿರುತ್ತವೆ. ಬಲವಂತವಾಗಿ ಓಡಿಸಿದರೆ ಇಂಗಾಲದ ಉಂಗುರ ಒಡೆಯುತ್ತದೆ, ಮೋಟಾರಿನ ಸ್ಟಾರ್ಟ್ ಸುರುಳಿ ಕಾಯುತ್ತದೆ. ತೊಟ್ಟಿಯ ತಳಕ್ಕೆ ಬಿಸಿನೀರು ತುಂಬಿ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗಿನಿಂದ ಮೋಟಾರಿನ ಫ್ಯಾನನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ ಬಿಡಿಸಿಕೊಳ್ಳಿ. ತಿರುಗಿಯೂ ಮಧ್ಯೆ ತಡೆದರೆ ಪಂಪಿನ ರೆಕ್ಕೆಚಕ್ರದಲ್ಲಿ (ಇಂಪೆಲ್ಲರ್) ಗಾಜಿನ ಚೂರೋ ಹಣ್ಣಿನ ಬೀಜವೋ ಸಿಕ್ಕಿಕೊಂಡಿದೆ. ಸಲೀಸಾಗಿ ತಿರುಗಿಯೂ ಕರೆಂಟ್ ಕೊಟ್ಟಾಗ ಬರೇ ಗುಂಯ್‌ಗುಟ್ಟಿದರೆ ಸ್ಟಾರ್ಟ್ ರಿಲೇ ನೋಡಿ. ಇದರ ಒಳಗಿನ ತುಂಡು ಸುರುಳಿಯ ಬಲಕ್ಕೆ ಮೇಲೇಳುತ್ತದೆ, ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ. ಆದ್ದರಿಂದ ರಿಲೇ ನೆಟ್ಟಗೆ ನಿಂತಿರಬೇಕು. ಯಂತ್ರವನ್ನು ಬೆನ್ನ ಮೇಲೆ ಮಲಗಿಸಿಕೊಂಡೇ ಮೋಟಾರ್ ಪರೀಕ್ಷಿಸಿ, ಕೆಟ್ಟಿದೆ ಎಂದು ತೀರ್ಪು ಕೊಟ್ಟವರು ಬಹಳ.

ಮೋಟಾರಿನ ನೆತ್ತಿಯ ಮೇಲೆ ಬಿಳಿ ಉಪ್ಪಿನ ಹಾಗೆ ಕಟ್ಟಿದ್ದರೆ ಸೀಲು ಸೋರುತ್ತಿದೆ. ಇನ್ನಷ್ಟು ದಿನ ಬಿಟ್ಟರೆ ಆ ಕ್ಷಾರದ ನೀರು ಮೇಲಿನ ಬೇರಿಂಗಿಗೆ ಇಳಿಯುತ್ತದೆ. ಹೊಸ ಸೀಲು ಕೊಳ್ಳಲು ಮೂರು ಅಳತೆ ಬೇಕು: ಶಾಫ್ಟಿನ ವ್ಯಾಸ, ಸೆರಾಮಿಕ್ ಕೂರುವ ಕುಳಿಯ ವ್ಯಾಸ, ಸ್ಪ್ರಿಂಗ್ ಒತ್ತಿದಾಗಿನ ಎತ್ತರ. ಈ ಮೂರು ಹೊಂದಿದರೆ ಈಜುಕೊಳದ ಪಂಪಿಗೆಂದು ಮಾರುವ ಸೀಲೂ ಆದೀತು. ರಬ್ಬರು ಯಾವುದು ಎಂದು ಕೇಳಿ. ನೈಟ್ರೈಲ್ ಬಿಸಿ ಕ್ಷಾರ ಮತ್ತು ಕ್ಲೋರಿನ್ನಿಗೆ ಗಟ್ಟಿಯಾಗಿ ಬಿರಿಯುತ್ತದೆ, ಇಪಿಡಿಎಂ ತಾಳುತ್ತದೆ. ಆದರೆ ಇಪಿಡಿಎಂಗೆ ಪೆಟ್ರೋಲಿಯಂ ಗ್ರೀಸ್ ತಗಲಿದರೆ ಉಬ್ಬಿ ಹಾಳಾಗುತ್ತದೆ. ಹಚ್ಚುವುದಾದರೆ ಸಿಲಿಕೋನ್ ಗ್ರೀಸ್ ಮಾತ್ರ. ಕೂರಿಸುವಾಗ ರಬ್ಬರಿನ ಹೊರಮೈಗೆ ಸೋಪುನೀರು ಸವರಿ, ಸೆರಾಮಿಕ್ ಮೇಲೆ ಶುದ್ಧ ಬಟ್ಟೆ ಇಟ್ಟು ಎಲ್ಲ ಕಡೆ ಸಮನಾಗಿ ಒತ್ತಿ. ಸೀಲಿನ ಮುಖಗಳನ್ನು ಬೆರಳಿನಿಂದ ಮುಟ್ಟಬೇಡಿ, ಮೈಯೆಣ್ಣೆಯೂ ಅದಕ್ಕಾಗದು. ಮುಟ್ಟಿದರೆ ಆಲ್ಕೊಹಾಲಿನಿಂದ ಒರೆಸಿ. ಬೇರಿಂಗನ್ನು ಪುಲ್ಲರಿನಿಂದ ಎಳೆಯಿರಿ, ಸುತ್ತಿಗೆ ಬೇಡ. ಅದರ ಅಂಚಿನಲ್ಲಿ ಕೊರೆದ ಸಂಖ್ಯೆ ಹೇಳಿದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಕಡೆ ರಬ್ಬರ್ ಮುಚ್ಚಳವಿರುವುದನ್ನೇ ಕೇಳಿ.

ನೀರು ಹೊರಹಾಕುವ ವ್ಯವಸ್ಥೆ ಎರಡು ಬಗೆ. ಒಂದರಲ್ಲಿ ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ತೊಳೆಯುತ್ತದೆ, ಹಿಮ್ಮುಖ ತಿರುಗಿದರೆ ಹೊರಹಾಕುತ್ತದೆ. ಮೇಟ್ಯಾಗ್‌ನ ಹಳೆಯ ಯಂತ್ರಗಳಲ್ಲಿ ಹೀಗೆ. ಇನ್ನೊಂದರಲ್ಲಿ ಸೊಲೆನಾಯ್ಡ್ ಎಂಬ ವಿದ್ಯುತ್ ಕಾಂತ ಒಂದು ಕದವನ್ನು ಎಳೆದು ನೀರಿನ ದಾರಿ ತಿರುಗಿಸುತ್ತದೆ. ಜಿಇ ಯಂತ್ರಗಳಲ್ಲಿ ಸಾಮಾನ್ಯ. ಈ ಎರಡನೆಯದರಲ್ಲಿ ಕದದ ರಬ್ಬರ್ ಸವೆದರೆ ತೊಳೆಯುವಾಗಲೇ ನೀರು ಚರಂಡಿಗೆ ಜಾರುತ್ತಿರುತ್ತದೆ. ಹೊರಗೆ ಸೋರಿಕೆ ಕಾಣುವುದಿಲ್ಲ. ಸಿಂಕಿನ ಕೊಳವೆಗೆ ಕಿವಿಯಿಟ್ಟರೆ ಕೇಳುತ್ತದೆ.

ನೀರು ತುಂಬುವುದನ್ನು ಈ ಯಂತ್ರಗಳು ಸಮಯದ ಮೇಲೆ ಮಾಡುತ್ತವೆ. ಟೈಮರ್ ಇಂತಿಷ್ಟು ಸೆಕೆಂಡು ವಾಲ್ವ್ ತೆರೆದಿಡುತ್ತದೆ ಅಷ್ಟೇ. ಅಳೆಯುವವರು ಯಾರೂ ಇಲ್ಲ. ತೊಟ್ಟಿಯೊಳಗಿನ ತೇಲುಬುರುಡೆ ನೀರು ಉಕ್ಕದಂತೆ ಕಾಯುವುದಕ್ಕೆ ಮಾತ್ರ. ವಾಲ್ವಿನ ಒಳಗೆ ಹರಿವನ್ನು ನಿಯಂತ್ರಿಸುವ ಪುಟ್ಟ ರಬ್ಬರ್ ಬಿಲ್ಲೆಯಿದೆ. ಒತ್ತಡ ಹೆಚ್ಚಿದಾಗ ಬಾಗಿ ತೂತು ಕಿರಿದಾಗಿಸುವುದು ಅದರ ಕೆಲಸ. ಹಳೆಯದಾಗಿ ಗಟ್ಟಿಯಾದರೆ ಬಾಗುವುದಿಲ್ಲ, ನೀರು ಹೆಚ್ಚುತ್ತದೆ. ಮುಂದಿನ ಜಾಲರಿಯಲ್ಲಿ ಮರಳು ಸಿಕ್ಕಿದರೆ ಕಡಿಮೆಯಾಗುತ್ತದೆ. ಒಂದು ಸಲ ತುಂಬಿಸಿ, ಯಂತ್ರ ನಿಲ್ಲಿಸಿ, ಅಳತೆಯ ಜಗ್ಗಿನಿಂದ ತೋಡಿ ಕಾಲ್ತಗಡಿನ ಹಿಂದೆ ಸಿಕ್ಕ ಹಾಳೆಯಲ್ಲಿ ಹೇಳಿದ ಲೆಕ್ಕಕ್ಕೆ ಹೋಲಿಸಿ. ಹಾಳೆಯಿಲ್ಲದಿದ್ದರೆ, ತೊಟ್ಟಿಯಲ್ಲೇ ಹೀಟರ್ ಕಡ್ಡಿಯಿರುವ ಯಂತ್ರಗಳಲ್ಲಿ, ನೀರು ಆ ಕಡ್ಡಿಯನ್ನು ಮುಟ್ಟುವಷ್ಟಿರಬೇಕು. ಪಂಪ್ ಓಡುವಾಗ ಸದ್ದು ಒಂದೇ ಸಮ ಬಂದರೆ ನೀರು ಸಾಕು. ಏರಿಳಿದು ಗೊರಗೊರ ಎಂದರೆ ಪಂಪು ಗಾಳಿ ಎಳೆಯುತ್ತಿದೆ.

ಬಿಸಿಯ ವಿಚಾರಕ್ಕೆ ಬರೋಣ. ಈಗಿನ ಮನೆಗಳಲ್ಲಿ ಬಾಯ್ಲರನ್ನು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಸೆಲ್ಸಿಯಸ್‌ಗೆ ಇಟ್ಟಿರುತ್ತಾರೆ. ಹಳೆಯ ಯಂತ್ರಕ್ಕೆ 140 ಫ್ಯಾರನ್‌ಹೀಟ್, 60 ಸೆಲ್ಸಿಯಸ್ ಬೇಕು. ಹೀಟರ್ ಇದೆಯಲ್ಲ, ಅದೇ ಕಾಯಿಸಿಕೊಳ್ಳಲಿ ಎಂದರೆ ಲೆಕ್ಕ ಕೂಡುವುದಿಲ್ಲ. ಒಂದು ತುಂಬಿಗೆ 9.5 ಲೀಟರ್ ಎಂದಿಟ್ಟುಕೊಳ್ಳಿ. 750 ವ್ಯಾಟಿನ ಹೀಟರ್ ಅಷ್ಟು ನೀರನ್ನು ಒಂದು ಡಿಗ್ರಿ ಏರಿಸಲು 53 ಸೆಕೆಂಡು ತೆಗೆದುಕೊಳ್ಳುತ್ತದೆ. ಹತ್ತು ಡಿಗ್ರಿಗೆ ಒಂಬತ್ತು ನಿಮಿಷ. ತಣ್ಣನೆಯ ಪಾತ್ರೆಗಳು, ಉಕ್ಕಿನ ತೊಟ್ಟಿ ಕುಡಿಯುವ ಬಿಸಿ ಬೇರೆ. ಮುಖ್ಯ ತೊಳೆತವೇ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಯಂತ್ರದಲ್ಲಿ, ನೀರು ಕಾಯುವಷ್ಟರಲ್ಲಿ ಅದನ್ನು ಚೆಲ್ಲುವ ಸಮಯ ಬಂದಿರುತ್ತದೆ. ಇನ್ನೊಂದು ನಷ್ಟ ಕೊಳವೆಯಲ್ಲಿ. ಮುಕ್ಕಾಲು ಇಂಚಿನ ತಾಮ್ರದ ಕೊಳವೆ 50 ಅಡಿಯಿದ್ದರೆ ಅದರಲ್ಲಿ ತಣ್ಣಗಾದ ನಾಲ್ಕೂಮುಕ್ಕಾಲು ಲೀಟರ್ ನೀರು ನಿಂತಿರುತ್ತದೆ, ಮೊದಲ ತುಂಬಿನ ಅರ್ಧ. ಆದ್ದರಿಂದ ಯಂತ್ರ ಶುರುಮಾಡುವ ಮೊದಲು ಸಿಂಕಿನ ನಲ್ಲಿಯನ್ನು ಬಿಸಿ ಬರುವವರೆಗೆ ಹರಿಸಿ, ಬಕೆಟ್ಟಿಗೆ ಹಿಡಿದರೆ ಗಿಡಗಳಿಗಾಯಿತು. ಬಾಯ್ಲರನ್ನು 60ಕ್ಕೆ ಏರಿಸುವುದಾದರೆ ಸ್ನಾನದ ನಲ್ಲಿಗಳ ದಾರಿಯಲ್ಲಿ ತಣ್ಣೀರು ಬೆರೆಸುವ ಥರ್ಮೋಸ್ಟ್ಯಾಟ್ ವಾಲ್ವ್ ಹಾಕಿಸಲೇಬೇಕು. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ. ಮಕ್ಕಳು, ಮುದುಕರು ಇರುವ ಮನೆಯಲ್ಲಿ ಇದು ತಮಾಷೆಯಲ್ಲ.

ಸೋಪಿನ ಕಥೆ ಇದಕ್ಕೆ ಅಂಟಿಕೊಂಡಿದೆ. ಹಿಂದೆ ಡಿಶ್‌ವಾಶರ್ ಪುಡಿಯಲ್ಲಿ ರಂಜಕ (ಫಾಸ್ಫರಸ್) ಪ್ರತಿಶತ 8ರವರೆಗೂ ಇರುತ್ತಿತ್ತು, ಸೋಡಿಯಂ ಟ್ರೈಪಾಲಿಫಾಸ್ಫೇಟ್ ರೂಪದಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು, ಜಿಡ್ಡನ್ನು ತೇಲಿಸುತ್ತಿತ್ತು. ಕೆರೆ ಸರೋವರಗಳಲ್ಲಿ ಪಾಚಿ ಬೆಳೆಸುತ್ತದೆಂದು 2010ರ ಜುಲೈಯಲ್ಲಿ ಅಮೆರಿಕದ ಹದಿನೈದಕ್ಕೂ ಹೆಚ್ಚು ರಾಜ್ಯಗಳು ಪ್ರತಿಶತ 0.5ರ ಮಿತಿ ತಂದವು, ತಯಾರಕರು ಎಲ್ಲೆಡೆ ಸೂತ್ರ ಬದಲಿಸಿದರು. ಈಗಿನ ಪುಡಿ, ಮಾತ್ರೆಗಳು ಎಂಜೈಮ್ ನಂಬಿಕೊಂಡವು. ಎಂಜೈಮಿಗೆ ಸಮಯ ಬೇಕು. ಹೊಸ ಯಂತ್ರಗಳು ಎರಡು ಗಂಟೆ ಓಡುವುದಕ್ಕೆ ಅದೂ ಒಂದು ಕಾರಣ. ಹಳೆಯ ಯಂತ್ರ ಕೊಡುವುದು ಹತ್ತು ನಿಮಿಷ. ಬಿಳಿ ಪೊರೆಗೂ ಜಿಡ್ಡಿಗೂ ಇದೇ ಮೂಲ.

ಇದಕ್ಕೆ ಎರಡು ದಾರಿ ಇವೆ. ಮುಖ್ಯ ತೊಳೆತ ಅರ್ಧ ಮುಗಿದಾಗ ಟೈಮರನ್ನು ಒಂದು ಸುತ್ತು ಮುಂದಕ್ಕೆ ತಂದು ಅದೇ ಹೆಜ್ಜೆಯನ್ನು ಮತ್ತೆ ಕೊಡಬಹುದು. ಆದರೆ ನಡುವಿನ ಹೆಜ್ಜೆಗಳಲ್ಲಿ ನೀರು ಹೊರಹೋಗದಂತೆ ಬಾಗಿಲ ಚಿಲಕ ತೆರೆದಿಟ್ಟೇ ಗುಬ್ಬಿ ತಿರುಗಿಸಬೇಕು. ಅಥವಾ ಟ್ರೈಪಾಲಿಫಾಸ್ಫೇಟ್ ಪುಡಿಯನ್ನೇ ಬೇರೆ ಕೊಂಡು ಒಂದೆರಡು ಚಮಚ ಬೆರೆಸಬಹುದು. ಪೊರೆ ಹೋಗುವಷ್ಟು ಮಾತ್ರ ಹಾಕಿ. ಮೆದು ನೀರಿಗೆ ಹೆಚ್ಚು ಸುರಿದರೆ ಗಾಜು ತಾನೇ ಸವೆದು ಮಸುಕಾಗುತ್ತದೆ, ಆ ಮಸುಕು ಮತ್ತೆ ಹೋಗುವುದಿಲ್ಲ. ಕೊಳಚೆ ಸೆಪ್ಟಿಕ್ ಗುಂಡಿಗೆ ಹೋಗಿ ಪಕ್ಕದಲ್ಲೇ ಕೆರೆಯಿದ್ದರೆ ಈ ದಾರಿ ಹಿಡಿಯುವುದು ಸರಿಯಲ್ಲ, ಮನೆಗೆ ನೀರು ಮೆದು ಮಾಡುವ ಯಂತ್ರ ಹಾಕಿಸುವುದು ಮೇಲು. ಸುಣ್ಣ ಬಿಡಿಸಲು ಸಿಟ್ರಿಕ್ ಆಮ್ಲ ಹಾಕುವ ದಿನ ಸೋಪಿನ ಬಟ್ಟಲು ಖಾಲಿಯಿರಲಿ. ಕ್ಲೋರಿನ್ ಇರುವ ಪುಡಿಗೆ ಆಮ್ಲ ಸೇರಿದರೆ ವಿಷಗಾಳಿ ಏಳುತ್ತದೆ.

ಎನಾಮಲ್ ಎಗರಿದ ಜಾಗವನ್ನು ಉಕ್ಕು ಹೊಳೆಯುವವರೆಗೆ ಕೆರೆದು, ಫಾಸ್ಫಾರಿಕ್ ಆಮ್ಲದ ತುಕ್ಕುನಿವಾರಕ ಹಚ್ಚಿ, ಒಣಗಿಸಿ, ಬಿಸಿನೀರು ತಾಳುವ ಎರಡು ಭಾಗದ ಎಪಾಕ್ಸಿಯನ್ನು ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಡಬ್ಬಿಯ ಮೇಲೆ ಹೇಳಿದ ಅವಧಿ ಪೂರ್ತಿ ಮುಗಿಯುವವರೆಗೆ ನೀರು ಬಿಡಬೇಡಿ; ಅವಸರ ಮಾಡಿದ್ದು ಮೊದಲ ಬಿಸಿಗೇ ಸುಲಿಯುತ್ತದೆ. ಗೂಡುಗಳ ತಂತಿ ತುದಿಗಳಲ್ಲಷ್ಟೇ ತುಕ್ಕಿದ್ದರೆ ವಿನೈಲ್ ಬಣ್ಣ, ರಬ್ಬರ್ ಟೋಪಿ ಸಾಕು. ಇಡೀ ಗೂಡು ಹೋಗಿದ್ದರೆ ಮರಳು ಊದಿ ಶುಚಿಮಾಡಿ, ಕಾಯಿಸಿ, ನೈಲಾನ್-11 ಪುಡಿಯಲ್ಲಿ ಅದ್ದಿಸುವ ಕಾರ್ಖಾನೆಗೆ ಕೊಡಬೇಕು, ಅದು ಅಗ್ಗವಲ್ಲ. ಬಾಗಿಲ ಗ್ಯಾಸ್ಕೆಟ್ ಮೂಲದ್ದು ಸಿಗದಿದ್ದರೆ ಅದೇ ಅಡ್ಡಕೊಯ್ತದ ಇಪಿಡಿಎಂ ಅಥವಾ ಸಿಲಿಕೋನ್ ಪಟ್ಟಿಯನ್ನು ಅಡಿ ಲೆಕ್ಕದಲ್ಲಿ ಕೊಳ್ಳಬಹುದು. ಕತ್ತರಿಸುವ ಮುಂಚೆ ಬಿಸಿನೀರಿನಲ್ಲಿ ನೆನೆಸಿ ಮೂಲೆಗಳಿಂದ ಕೂರಿಸುತ್ತಾ ಬನ್ನಿ. ಎಳೆದು ಕೂರಿಸಿದ ಪಟ್ಟಿ ವಾರದಲ್ಲಿ ಕುಗ್ಗಿ ಕೆಳಗಿನ ಮೂಲೆಯಲ್ಲಿ ಸೋರುತ್ತದೆ.

ನಮ್ಮ ಅಡುಗೆಯ ಪಾತ್ರೆಗಳಿಗೆ ಈ ಗೂಡುಗಳು ಮಾಡಿದ್ದಲ್ಲ ಎಂಬುದನ್ನೂ ಹೇಳಬೇಕು. ಅಂಚು ಎತ್ತಿದ ಸ್ಟೀಲ್ ಊಟದ ತಟ್ಟೆ ಪಿಂಗಾಣಿ ತಟ್ಟೆಯ ಸಂದಿನಲ್ಲಿ ನೆಟ್ಟಗೆ ನಿಲ್ಲದು, ಒಂದು ಸಂದು ಬಿಟ್ಟು ಇಡಿ. ಹಗುರ ಸ್ಟೀಲ್ ಲೋಟ ಹಳೆಯ ಪಂಪಿನ ರಭಸಕ್ಕೆ ಮಗುಚಿ ನೀರು ತುಂಬಿಕೊಂಡು ಕೂರುತ್ತದೆ, ಮೇಲಿನ ಗೂಡಿನಲ್ಲಿ ಒತ್ತೊತ್ತಾಗಿ ಬೋರಲು ಹಾಕಬೇಕು. ಒಗ್ಗರಣೆಯ ಸಾಸಿವೆ ನೀರು ಚಿಮ್ಮುವ ತೋಳಿನ (ಸ್ಪ್ರೇ ಆರ್ಮ್) ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆರ್ಮನ್ನು ಆಗಾಗ ಬಿಚ್ಚಿ, ತುದಿಯ ಮುಚ್ಚಳ ತೆಗೆಯಲು ಬಂದರೆ ತೆಗೆದು, ನಲ್ಲಿಗೆ ಹಿಡಿದು ಕುಲುಕಿ. ಅಲ್ಯೂಮಿನಿಯಂ ಕುಕ್ಕರ್ ಹಾಕಲೇಬೇಡಿ. ಕ್ಷಾರಕ್ಕೆ ಅದು ಕರಿಬೂದಾಗುತ್ತದೆ, ಆ ಭಾರ ಜಾರಿ ಬಿದ್ದರೆ ಎನಾಮಲ್ಲೂ ಹೋಗುತ್ತದೆ.

ಕೊನೆಗೆ, ಇಂಥ ಯಂತ್ರವನ್ನು ಸಾಮಾನಿನ ಜೊತೆ ಬೆಂಗಳೂರಿಗೋ ಮೈಸೂರಿಗೋ ತರುವ ಯೋಚನೆ ಇರುವವರಿಗೆ. 230 ವೋಲ್ಟನ್ನು 120ಕ್ಕೆ ಇಳಿಸುವ 2 ಕೆವಿಎ ಟ್ರಾನ್ಸ್‌ಫಾರ್ಮರ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಆವರ್ತನವನ್ನು ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ನಿಮಿಷಕ್ಕೆ 1725 ಸುತ್ತಿನ ಮೋಟಾರು ಇಲ್ಲಿ 1440ರ ಹತ್ತಿರ ತಿರುಗುತ್ತದೆ, ನೀರಿನ ಒತ್ತಡ ಸುಮಾರು 70 ಪ್ರತಿಶತಕ್ಕೆ ಇಳಿಯುತ್ತದೆ, ಒಂದು ಗಂಟೆಯ ಸುತ್ತಿಗೆ 72 ನಿಮಿಷ ಹಿಡಿಯುತ್ತದೆ. ಹೆಚ್ಚಿನ ಸಮಯ ಈಗಿನ ಎಂಜೈಮ್ ಸೋಪಿಗೆ ಒಳ್ಳೆಯದೇ. ಕೆಟ್ಟದ್ದು ಮೋಟಾರಿಗೆ: 50 ಹರ್ಟ್ಸಿನಲ್ಲಿ 120 ವೋಲ್ಟ್ ಕೊಟ್ಟರೆ ಅದರ ಕಬ್ಬಿಣದ ತಿರುಳು ಕಾಂತಶಕ್ತಿಯಿಂದ ತುಂಬಿ ಹೋಗಿ ಬಿಸಿಯಾಗುತ್ತದೆ; ಅದಕ್ಕೆ 100 ವೋಲ್ಟ್ ಸರಿ. ಆದರೆ 100 ವೋಲ್ಟಿನಲ್ಲಿ ಹೀಟರಿನ ಶಕ್ತಿ 69 ಪ್ರತಿಶತಕ್ಕೆ ಬೀಳುತ್ತದೆ. ಎರಡೂ ವೋಲ್ಟೇಜ್ ಹೊರಬರುವಂತೆ ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ಮೋಟಾರು, ವಾಲ್ವ್, ಟೈಮರುಗಳಿಗೆ 100, ಹೀಟರಿಗೆ ಬೇರೆ ತಂತಿಯಲ್ಲಿ 120 ಕೊಡುವುದು ಸರಿಯಾದ ಉಪಾಯ. ಇದಕ್ಕೆ ಯಂತ್ರದೊಳಗಿನ ಹೀಟರ್ ತಂತಿಗಳನ್ನು ಬೇರ್ಪಡಿಸಿ ಟೈಮರಿನಿಂದ ರಿಲೇ ಮೂಲಕ ನಡೆಸಬೇಕು, ವೈರಿಂಗ್ ಓದಬಲ್ಲ ಎಲೆಕ್ಟ್ರಿಷಿಯನ್ ಬೇಕು. ನೀರಿನ ಒತ್ತಡ ಇನ್ನೊಂದು ತೊಡಕು. ಆ ವಾಲ್ವಿಗೆ ಕನಿಷ್ಠ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಬೇಕು, ಅಂದರೆ 14 ಮೀಟರ್ ಎತ್ತರದ ನೀರು. ಮಹಡಿಯ ಟ್ಯಾಂಕ್ ಅಡುಗೆಮನೆಯಿಂದ ಐದು ಮೀಟರ್ ಮೇಲಿದ್ದರೆ ಸಿಗುವುದು 7 ಪಿಎಸ್‌ಐ. ಪ್ರೆಶರ್ ಪಂಪ್ ಹಾಕಬೇಕು, 25 ಲೀಟರಿನ ಗೀಸರಿನಿಂದ ಬಿಸಿನೀರಿನ ಸಂಪರ್ಕ ಎಳೆಯಬೇಕು. ಕೊಳವೆಬಾವಿಯ ಗಡಸು ನೀರಾದರೆ ಯೂರೋಪಿನ ಯಂತ್ರಗಳಲ್ಲಿರುವ, ನೀರು ಮೆದು ಮಾಡಲು ನೆರವಾಗುವ ಉಪ್ಪಿನ ಕೋಣೆ ಈ ಅಮೆರಿಕದ ಯಂತ್ರಗಳಲ್ಲಿಲ್ಲ. ಮೆದು ಮಾಡುವ ರೆಸಿನ್ ತೊಟ್ಟಿಯನ್ನು ಗೀಸರಿನ ಮೊದಲೇ, ತಣ್ಣೀರಿನ ದಾರಿಯಲ್ಲೇ ಕೂರಿಸಬೇಕು. ಆಗ ಗೀಸರಿನ ಕಡ್ಡಿಗೂ ಸುಣ್ಣ ಕಟ್ಟುವುದಿಲ್ಲ.